ಸೋಮಾರಿತನವೆಂದು ನಾನು ತಿಳಿದಿದ್ದದ್ದು

2021ರ ಕೊನೆಯಲ್ಲಿ ನಾನು ಸ್ನಾತಕೋತ್ತರ ತರಗತಿಗೆ ಸೇರಿದೆ. ಬದಿಯಡ್ಕದಿಂದ ಒಳಗಿರುವ ನಮ್ಮ ಮನೆಯಿಂದ ಬೆಳಗ್ಗೆ ಆರೂವರೆಗೆ ಹೊರಟು, ಕಾಸರಗೋಡಿನಲ್ಲಿ ಬಸ್ಸು ಬದಲಿಸಿ, ಚಂದ್ರಗಿರಿ ಹೊಳೆ ದಾಟಿ, ಕಾಞಂಗಾಡಿನ ಕಡೆಗಿರುವ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಮನೆಗೆ ಮರಳುವಾಗ ಕತ್ತಲಾಗುತ್ತಿತ್ತು. ಅಷ್ಟು ಬೇಗ ಗಂಜಿ ಇಳಿಯುವುದಿಲ್ಲವೆಂದು ಒಂದು ಲೋಟ ಚಹಾ ಕುಡಿದು ಓಡುತ್ತಿದ್ದೆ. ಹನ್ನೊಂದು ಗಂಟೆಗೆ ಕ್ಯಾಂಟೀನಿನಲ್ಲಿ ಇನ್ನೊಂದು ಚಹಾ, ಅದರ ಜೊತೆ ಒಂದು ಪಳಂಪೊರಿ, ಎಂದರೆ ಬಾಳೆಹಣ್ಣಿನ ಪೋಡಿ. ಮಧ್ಯಾಹ್ನದ ಬುತ್ತಿಯನ್ನು ಅರ್ಧ ತಿಂದು ಮುಚ್ಚುತ್ತಿದ್ದೆ. ಕೆಲವು ತಿಂಗಳುಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು, ಪುಸ್ತಕ ತೆರೆದರೆ ಸಾಲುಗಳು ಮನಸ್ಸಿಗೆ ಇಳಿಯದಾದವು, ರಜೆಯ ದಿನ ಹತ್ತು ಗಂಟೆಯವರೆಗೂ ಏಳಲಾಗುತ್ತಿರಲಿಲ್ಲ. ನಾನು ಸೋಮಾರಿಯಾಗುತ್ತಿದ್ದೇನೆ, ಈ ಓದು ನನಗೆ ಹೇಳಿದ್ದಲ್ಲ ಎಂದೇ ನಂಬಿದ್ದೆ.

2022ರ ಮಾರ್ಚ್ ತಿಂಗಳ ಒಂದು ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲಿಟ್ಟು ಕುಸಿದು ಕುಳಿತೆ. ಮೀನು ಮಾರಲು ಬಂದಿದ್ದ ಒಬ್ಬರು ಹೆಂಗಸು ಬುಟ್ಟಿ ಕೆಳಗಿಟ್ಟು ನನ್ನನ್ನು ಹಿಡಿದುಕೊಂಡರು. ಮರುದಿನ ಅಮ್ಮ ಕುಟುಂಬ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ವಯಸ್ಕ ಹೆಣ್ಣುಮಕ್ಕಳಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ ಕನಿಷ್ಠ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ನನ್ನಲ್ಲಿ 8.9 ಇತ್ತು. ಆಮ್ಲಜನಕವನ್ನು ಮೈಯ ಮೂಲೆಮೂಲೆಗೆ ಒಯ್ಯುವ ವಸ್ತುವೇ ಅಷ್ಟು ಕಡಿಮೆಯಾದಾಗ ಮೆದುಳಿಗೂ ಕಾಲಿಗೂ ದಣಿವಾಗುವುದು ಸಹಜವೆಂದು ವೈದ್ಯರು ತಾಳ್ಮೆಯಿಂದ ವಿವರಿಸಿ, ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ವಿವರವಾಗಿ ಹೇಳಬೇಕು. ಇದೇ ತಪ್ಪನ್ನು ಅನಂತರ ಎಷ್ಟೋ ಗೆಳತಿಯರಲ್ಲಿ ಕಂಡಿದ್ದೇನೆ. ಎರಡು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಿದ್ದು 9.2ಕ್ಕೆ ಮಾತ್ರ. ‘ಯಾವುದರ ಜೊತೆ ತೆಗೆದುಕೊಳ್ಳುತ್ತೀ?’ ಎಂದು ವೈದ್ಯರು ಕೇಳಿದಾಗ ಬೆಳಗ್ಗಿನ ಚಹಾದ ಜೊತೆ ಎಂದೆ. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ಕರುಳು ಅದನ್ನು ಹೀರದಂತೆ ಮಾಡುತ್ತದೆಯೆಂಬುದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ಮಾತ್ರೆಯನ್ನು ಲಿಂಬೆ ಪಾನಕದ ಜೊತೆ ತೆಗೆದುಕೊಂಡೆ, ಏಕೆಂದರೆ ಸಿ ಜೀವಸತ್ವವು ಕಬ್ಬಿಣಾಂಶ ಮೈಗೆ ಸೇರಲು ನೆರವಾಗುತ್ತದೆ. ಊಟ ತಿಂಡಿಗೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಅಂತರವಿಟ್ಟೆ. ಮಲ ಕಪ್ಪಾಗುವುದು ಈ ಮಾತ್ರೆಯ ಸಹಜ ಪರಿಣಾಮವೆಂದು ತಿಳಿಯದೆ ಹೆದರಿ ಅದನ್ನು ಬಿಟ್ಟವರನ್ನು ಬಲ್ಲೆ. ಹೊಟ್ಟೆ ತೊಳಸಿದರೆ ರಾತ್ರಿಯ ಊಟವಾದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ ಮುಂದುವರಿಸುವುದು ಒಳ್ಳೆಯದು. ಮೂರು ತಿಂಗಳ ಬಳಿಕ ನನ್ನ ಅಂಕಿ 11.6 ಆಯಿತು. 12 ದಾಟಿದ ಮೇಲೂ, ಮೈಯ ಉಗ್ರಾಣ ತುಂಬಲೆಂದು, ಇನ್ನೂ ಮೂರು ತಿಂಗಳು ಮಾತ್ರೆ ನಿಲ್ಲಿಸಬಾರದೆಂದು ಹೇಳಿದರು, ನಿಲ್ಲಿಸಲಿಲ್ಲ.

ಆ ಜೂನಿನಲ್ಲಿ, ಪ್ರಯಾಣದ ದಣಿವು ತಪ್ಪಲೆಂದು, ವಿಶ್ವವಿದ್ಯಾನಿಲಯದ ಸಮೀಪ ಬಾಡಿಗೆಯ ಕೋಣೆ ಹಿಡಿದು ಇನ್ನಿಬ್ಬರು ಹುಡುಗಿಯರ ಜೊತೆ ಇರತೊಡಗಿದೆ. ಅಡುಗೆಗೆ ಇದ್ದುದು ಒಂದು ಒಲೆ, ಒಂದು ಕುಕ್ಕರ್. ರಾತ್ರಿಯೇ ಕುಚ್ಚಲಕ್ಕಿ ಗಂಜಿ ಬೇಯಿಸಿಟ್ಟು, ಬೆಳಗ್ಗೆ ಅದಕ್ಕೆ ಮಜ್ಜಿಗೆ ಸುರಿದು ಹುರುಳಿ ಚಟ್ನಿಯೊಂದಿಗೆ ಉಣ್ಣುವುದಕ್ಕೆ ಹತ್ತು ನಿಮಿಷವೂ ಬೇಕಾಗುತ್ತಿರಲಿಲ್ಲ. ಹುರುಳಿ ಹುರಿದು, ಕೆಂಪು ಮೆಣಸು, ಹುಳಿ, ತೆಂಗಿನಕಾಯಿ ಸೇರಿಸಿ ಗಟ್ಟಿಯಾಗಿ ಅರೆದರೆ ಆಯಿತು. ಅಂಗಳದ ಅಂಚಿನಲ್ಲಿ ತಾನಾಗಿ ಹಬ್ಬಿದ್ದ ತಿಮರೆಯನ್ನು (ಒಂದೆಲಗವನ್ನು) ತೊಳೆದು ಅರೆದು ತಂಬುಳಿ ಮಾಡುತ್ತಿದ್ದೆ. ನುಗ್ಗೆಸೊಪ್ಪನ್ನು ಮನೆಯ ಒಡತಿ ಕೇಳಿದಷ್ಟು ಕೊಡುತ್ತಿದ್ದರು. ಪಯ್ಯನ್ನೂರಿನ ಗೆಳತಿ ವಾರಕ್ಕೆ ಎರಡು ಸಲ ಮತ್ತಿ ತಂದು ಸಾರು ಮಾಡುತ್ತಿದ್ದಳು. ನಮ್ಮ ಕಡೆ ಬೂತಾಯಿ ಎನ್ನುವ ಈ ಮೀನು ಅಗ್ಗದ ಮೀನುಗಳಲ್ಲಿ ಒಂದು, ಮತ್ತು ಮೀನಿನಲ್ಲಿರುವ ಕಬ್ಬಿಣಾಂಶವನ್ನು ಮೈ ಸೊಪ್ಪಿನದಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ. ಅಡುಗೆ ಮಾಡಲಾಗದ ದಿನಗಳಲ್ಲಿ ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಹೆಂಗಸರು ನಡೆಸುವ, ಕಡಿಮೆ ಬೆಲೆಯ ಜನಕೀಯ ಹೋಟೆಲಿಗೆ ಹೋಗುತ್ತಿದ್ದೆವು. ಆಗ ಅಲ್ಲಿ 20 ರೂಪಾಯಿಗೆ ಅನ್ನ, ಸಾರು, ಪಲ್ಯ ಸಿಗುತ್ತಿತ್ತು. ಆರೋಗ್ಯವಾಗಿ ತಿನ್ನಲು ಹಣ ಬೇಕೆಂದು ಹೇಳುವವರಿಗೆ ನಾನು ಆ ತಿಂಗಳುಗಳ ಲೆಕ್ಕದ ಪುಸ್ತಕವನ್ನು ಇಂದಿಗೂ ತೋರಿಸಬಲ್ಲೆ.

ನೀರಿನ ವಿಷಯವನ್ನು ಹುಡುಗಿಯರು ಬಾಯಿಬಿಟ್ಟು ಹೇಳುವುದು ಕಡಿಮೆ. ಬಸ್ಸಿನ ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗುವುದಿಲ್ಲವೆಂದು ಬೆಳಗ್ಗಿನಿಂದ ಸಂಜೆಯವರೆಗೆ ನೀರೇ ಕುಡಿಯದೆ ಇದ್ದು, ಎರಡು ಸಲ ಉರಿಮೂತ್ರದಿಂದ ನರಳಿದ್ದೇನೆ. ಅನಂತರ ಸಮಯ ನೋಡಿ ಕುಡಿಯುವುದನ್ನು ರೂಢಿಸಿಕೊಂಡೆ: ಪ್ರಯಾಣಕ್ಕಿಂತ ಒಂದು ಗಂಟೆ ಮೊದಲು ನಿಲ್ಲಿಸಿ, ತಲುಪಿದ ಕೂಡಲೇ ಎರಡು ಲೋಟ. ಮಳೆಗಾಲದಲ್ಲಿ ಹಳದಿ ರೋಗ ಹರಡುವ ಊರಾದ್ದರಿಂದ ಜೀರಿಗೆ ಹಾಕಿ ಚೆನ್ನಾಗಿ ಕುದಿಸಿದ ನೀರನ್ನಷ್ಟೇ ಬಾಟಲಿಗೆ ತುಂಬಿಸುತ್ತಿದ್ದೆವು. ಕುದಿಸಿದ ನೀರಿಗೆ ತಣ್ಣೀರು ಬೆರೆಸಿ ಬೆಚ್ಚಗೆ ಮಾಡಿ ಕುಡಿಯುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದರೆ ಕುದಿಸಿದ ಶ್ರಮವೆಲ್ಲ ವ್ಯರ್ಥ.

ನಡೆಯುವುದಕ್ಕೆ ಬೇರೆ ಸಮಯ ತೆಗೆದಿಡಲಿಲ್ಲ. ಕೋಣೆಯಿಂದ ತರಗತಿಗೆ ಇದ್ದ ಎರಡು ಕಿಲೋಮೀಟರನ್ನು ರಿಕ್ಷಾ ಬಿಟ್ಟು, ಮುರಕಲ್ಲು ಪಾರೆಯ ದಾರಿಯಲ್ಲಿ ಬೀಸುಹೆಜ್ಜೆ ಹಾಕಿ ನಡೆದೆ. ಹೋಗುವುದಕ್ಕೆ ಇಪ್ಪತ್ತೈದು ನಿಮಿಷ, ಬರುವುದಕ್ಕೆ ಅಷ್ಟೇ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನಿಂದ ಮೈ ಚಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನಗಳ ನಡಿಗೆಯಿಂದಲೇ ನನಗೆ 250 ದೊರೆಯುತ್ತಿತ್ತು. ಜೋರು ಮಳೆಯಲ್ಲಿ ಕಾಲಿಗೆ ಗಾಯವಿದ್ದರೆ ಕಟ್ಟಿನಿಂತ ನೀರಿಗೆ ಇಳಿಯುತ್ತಿರಲಿಲ್ಲ, ಏಕೆಂದರೆ ಇಲಿಜ್ವರದ ರೋಗಾಣು ಅಂಥ ಗಾಯದ ಮೂಲಕ ಒಳಸೇರಬಲ್ಲದು. ಅಂಥ ದಿನ ಕೋಣೆಯಲ್ಲೇ ಸೂರ್ಯನಮಸ್ಕಾರ ಮಾಡುತ್ತಿದ್ದೆ.

ನಿದ್ದೆಯನ್ನು ಸರಿಪಡಿಸಿಕೊಳ್ಳಲು ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಕಟ್ಟನ್ ಚಾಯ, ಎಂದರೆ ಹಾಲಿಲ್ಲದ ಚಹಾ, ಕುಡಿದು ರಾತ್ರಿ ಎರಡರವರೆಗೆ ಓದುವುದೇ ನಮ್ಮ ಗುಂಪಿನ ಹೆಮ್ಮೆಯಾಗಿತ್ತು. ಚಹಾದ ಕೆಫೀನ್ ಕುಡಿದ ಸುಮಾರು ಐದು ಗಂಟೆಯ ಮೇಲೂ ಅರ್ಧದಷ್ಟು ಮೈಯಲ್ಲಿ ಉಳಿದಿರುತ್ತದೆಯೆಂದು ಓದಿದ ಮೇಲೆ ಸಂಜೆ ನಾಲ್ಕರ ನಂತರದ ಚಹಾ ಬಿಟ್ಟೆ. ಮಲಗುವ ಹೊತ್ತನ್ನು ಎಷ್ಟು ಬಿಗಿಹಿಡಿದರೂ ಅದು ಜಾರುತ್ತಿತ್ತು. ಏಳುವ ಹೊತ್ತನ್ನು ಐದೂಮುಕ್ಕಾಲಕ್ಕೆ ನಿಲ್ಲಿಸಿ, ಭಾನುವಾರವೂ ಅದನ್ನು ಬದಲಿಸದೆ ಇದ್ದಾಗ, ಮೂರನೆಯ ವಾರದಿಂದ ರಾತ್ರಿ ಹತ್ತೂವರೆಗೆ ಕಣ್ಣು ತಾನಾಗಿ ಮುಚ್ಚತೊಡಗಿತು. ಮೊಬೈಲನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಮಲಗುತ್ತಿದ್ದೆ. ಏಳು ಗಂಟೆ ನಿದ್ದೆ ಮಾಡಿ ಬರೆದ ಪರೀಕ್ಷೆಯಲ್ಲಿ, ಓದಿದ್ದು ನೆನಪಿಗೆ ಬಾರದೆ ಪೆನ್ನು ಹಿಡಿದು ಕುಳಿತುಕೊಳ್ಳುವ ಹಳೆಯ ಭಯ ಕಾಡಲಿಲ್ಲ. ನಿದ್ದೆಯಲ್ಲೇ ಮೆದುಳು ಓದಿದ್ದನ್ನು ಗಟ್ಟಿಮಾಡಿಕೊಳ್ಳುತ್ತದೆಯೆಂಬುದರಲ್ಲಿ ನನಗೆ ಸಂಶಯವಿಲ್ಲ.

ಇಷ್ಟಾದರೂ ಒಂದು ಭಾರ ಉಳಿದಿತ್ತು, ಅದು ಮಾತ್ರೆಗೂ ಗಂಜಿಗೂ ಕರಗುವಂಥದ್ದಾಗಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಪೇಟೆಯ ಮಲಯಾಳ ಬರುತ್ತಿತ್ತು, ತರಗತಿಯ ಮಲಯಾಳ ಬರುತ್ತಿರಲಿಲ್ಲ. ಎಲ್ಲರೂ ನಕ್ಕ ಮೇಲೆ ನಗುವುದು, ಚರ್ಚೆಯಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳುವುದು ಅಭ್ಯಾಸವಾಗಿಬಿಟ್ಟಿತ್ತು. 2023ರ ಜನವರಿಯಲ್ಲಿ ಮೂರು ವಾರ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ, ಅಕಾರಣವಾಗಿ ಅಳು ಬರುತ್ತಿತ್ತು. ಹಿಮೋಗ್ಲೋಬಿನ್ ಸರಿಯಾಗಿದ್ದುದರಿಂದಲೇ ಇದು ಬೇರೆಯದೆಂದು ನನಗೆ ಸ್ಪಷ್ಟವಾಯಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ್ದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿಗೆ, 14416 ಸಂಖ್ಯೆಗೆ, ಒಂದು ಸಂಜೆ ಕರೆ ಮಾಡಿದೆ. ಭಾಷೆ ಆರಿಸಿಕೊಳ್ಳುವ ಅವಕಾಶವಿತ್ತು, ಕನ್ನಡವನ್ನು ಆರಿಸಿದೆ. ಆ ಕಡೆಯಿಂದ ‘ಹೇಳಿ’ ಎಂಬ ಮಾತು ಕೇಳಿದಾಗ ಬಹಳ ಹೊತ್ತು ಏನೂ ಹೇಳಲಾಗಲಿಲ್ಲ. ಅವರು ಕಾದರು. ಅನಂತರ ಅರ್ಧ ಗಂಟೆ ಮಾತನಾಡಿದೆ. ಅರ್ಥವಾಗದ ಮಾತಿನ ಅರ್ಥವನ್ನು ದಿನಕ್ಕೆ ಒಮ್ಮೆಯಾದರೂ ಯಾರಲ್ಲಾದರೂ ಕೇಳಿ ನೋಡಿ ಎಂದು ಅವರು ಕೊಟ್ಟ ಸಲಹೆಯನ್ನು ಮರುದಿನವೇ ಪಾಲಿಸಿದೆ.

ಕೇಳಿದ್ದು ಪಯ್ಯನ್ನೂರಿನ ಗೆಳತಿಯನ್ನು. ರಾತ್ರಿ ಊಟದ ಮೇಲೆ ಅರ್ಧ ಗಂಟೆ ಅವಳು ನನಗೆ ಮಲಯಾಳ ಪತ್ರಿಕೆ ಓದಿಸಿದಳು, ನಾನು ಅವಳಿಗೆ ಕನ್ನಡ ಅಕ್ಷರ ತಿದ್ದಿಸಿದೆ. ತಿಂಗಳಿಗೆ ಎರಡು ಶನಿವಾರ ತಪ್ಪದೆ ಊರಿಗೆ ಹೋಗುವುದೆಂದು ನಿಶ್ಚಯಿಸಿಕೊಂಡೆ. ಮೇ ಕೊನೆಯ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ನಮ್ಮೂರ ದೇವಸ್ಥಾನದಲ್ಲಿ ತಾಳಮದ್ದಳೆ, ಎಂದರೆ ವೇಷವಿಲ್ಲದೆ ಕುಳಿತು ಮಾತನಾಡುವ ಯಕ್ಷಗಾನ, ನಡೆಯುತ್ತದೆ. ಮಾವ ಮದ್ದಳೆಗೆ ಕುಳಿತರೆ ನಾನು ಪಕ್ಕದಲ್ಲಿ ಚಕ್ರತಾಳ ಹಿಡಿದೆ. ಕರ್ಣ ಶಲ್ಯರ ಸಂವಾದ ಬಿಸಿಯೇರುವಾಗ ಕೈ ತಾಳ ತಪ್ಪದಂತೆ ಕಾಯಬೇಕಾದ ಆ ಮೂರು ಗಂಟೆ ಬೇರೆ ಯಾವ ಚಿಂತೆಗೂ ಎಡೆಯಿರುವುದಿಲ್ಲ. ಸೋಮವಾರ ತರಗತಿಯಲ್ಲಿ ನಾನು ಮೊದಲ ಪ್ರಶ್ನೆ ಕೇಳಿದ್ದು ಅಂಥ ಒಂದು ರಾತ್ರಿಯ ಮರುವಾರ, ತಪ್ಪು ಮಲಯಾಳದಲ್ಲೇ.

ತಂಗಿ ಕಾಲೇಜಿಗೆ ಸೇರಿದ ಮೊದಲ ವಾರವೇ ಅವಳನ್ನು ಅದೇ ಕುಟುಂಬ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. 10.8 ಇತ್ತು. ಬೆಳಗ್ಗೆ ಅವಳು ಗಂಜಿಯ ಬಟ್ಟಲಿನ ಮುಂದೆ ಕುಳಿತಾಗ ನಾನು ಚಹಾದ ಲೋಟವನ್ನು ತೆಗೆದು ಒಳಗಿಟ್ಟು, ಲಿಂಬೆ ಹಿಂಡುತ್ತೇನೆ.