ಪೊಟ್ಟಣದ 30 ಗ್ರಾಂ, ನನ್ನ 40 ಗ್ರಾಂ

ಕುರುಕಲು ತಿಂಡಿಯನ್ನು ಪೂರ್ತಿ ಬಿಡದೆ ಅದರ ಪ್ರಮಾಣವನ್ನಷ್ಟೇ ಹಿಡಿತಕ್ಕೆ ತರಲಾಗದು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ತಿಂದದ್ದನ್ನು ತೂಗಿ ಲೆಕ್ಕ ಬರೆದಿಡುವ ನನ್ನ ಗೆಳೆಯರ ಬಳಗದಲ್ಲಂತೂ, ಪೊಟ್ಟಣ ಒಮ್ಮೆ ಬಾಯಿ ತೆರೆದರೆ ಖಾಲಿಯಾಗದೆ ಕೈ ನಿಲ್ಲದು ಎಂಬುದು ಚರ್ಚೆಯೇ ಬೇಡದ ತೀರ್ಮಾನವಾಗಿತ್ತು. ಈಗ ಹದಿನಾಲ್ಕು ತಿಂಗಳಿನಿಂದ ದಿನಕ್ಕೊಮ್ಮೆ 40 ಗ್ರಾಂ ತಿಂದು ಏಳುತ್ತಿದ್ದೇನೆ. ಆಗ ನಕ್ಕವರಲ್ಲಿ ಇಬ್ಬರು ಈಚೆಗೆ ವಿವರ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ ನಿಮ್ಮಲ್ಲಿದೆ, ಬಟ್ಟಲಿನ ತೂಕವನ್ನು ಸೊನ್ನೆ ಮಾಡುವುದು ಗೊತ್ತಿದೆ ಎಂದುಕೊಂಡೇ ಮುಂದುವರಿಯುತ್ತೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪೊಟ್ಟಣದ ಹಿಂಬದಿಯಲ್ಲಿ ಒಂದು ಸರ್ವಿಂಗ್, ಅಂದರೆ ಒಂದು ಸಲದ ಪಾಲು, 30 ಗ್ರಾಂ ಎಂದು ಅಚ್ಚಾಗಿತ್ತು. ಹಾಗೆಯೇ 30 ಗ್ರಾಂ ಚಿಪ್ಸ್ ತೂಗಿ ಬಟ್ಟಲಿಗೆ ಹಾಕಿಕೊಂಡೆ. ಎರಡು ದಿನ ನಡೆಯಿತು. ಮೂರನೆಯ ದಿನ ಎರಡನೆಯ ಬಟ್ಟಲು, ಐದನೆಯ ದಿನ ಮೂರನೆಯ ಬಟ್ಟಲು, ಆಮೇಲೆ ತಕ್ಕಡಿಯ ಹಂಗೇ ಇಲ್ಲದೆ ಪೊಟ್ಟಣಕ್ಕೆ ನೇರವಾಗಿ ಕೈ. ಎಣಿಸಿ ತಿನ್ನೋಣವೆಂದು ಹದಿನೈದು ತುಂಡುಗಳ ನಿಯಮ ಮಾಡಿಕೊಂಡರೆ, ದೊಡ್ಡ ತುಂಡುಗಳನ್ನೇ ಆರಿಸುವ ಚಾಳಿ ತಾನಾಗಿ ಬಂತು. ಒಂದು ದಿನದ ಹದಿನೈದು 22 ಗ್ರಾಂ ತೂಗಿದರೆ ಇನ್ನೊಂದು ದಿನದ್ದು ಸುಮಾರು 38. ಪೊಟ್ಟಣದ ತಳದ ಪುಡಿಯನ್ನು ಎಣಿಸುವುದಂತೂ ಸಾಧ್ಯವೇ ಇಲ್ಲ.

ಅನಂತರ ಹಣ ಸುರಿದದ್ದು ಸಣ್ಣ ಪೊಟ್ಟಣಗಳಿಗೆ. ಗ್ರಾಂ ಲೆಕ್ಕದಲ್ಲಿ ಅವು ನನಗೆ ದೊಡ್ಡ ಪೊಟ್ಟಣದ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ದುಬಾರಿಯಾದವು. ಹೆಚ್ಚು ಕೊಟ್ಟಾದರೂ ಕಡಿಮೆ ತಿನ್ನುತ್ತೇನೆಂಬ ಸಮಾಧಾನವೂ ಉಳಿಯಲಿಲ್ಲ. ಚಿಕ್ಕದಲ್ಲವೇ ಎಂಬ ಧೈರ್ಯದಲ್ಲಿ ಒಂದರ ಹಿಂದೊಂದು ಮೂರು ಹರಿದ ಸಂಜೆಗಳು ಆ ತಿಂಗಳಲ್ಲಿ ಹತ್ತಾದರೂ ಇದ್ದವು. ದೊಡ್ಡ ಪೊಟ್ಟಣವನ್ನು ಮನೆಯಲ್ಲೇ ಸಣ್ಣ ಜಿಪ್ ಚೀಲಗಳಿಗೆ ತುಂಬಿಟ್ಟ ಪ್ರಯೋಗ ಇನ್ನೂ ಕೆಟ್ಟದಾಗಿ ಮುಗಿಯಿತು. ಕಾರ್ಖಾನೆಯ ಪೊಟ್ಟಣದೊಳಗೆ ಗಾಳಿಯ ಬದಲು ಸಾರಜನಕ ತುಂಬಿರುತ್ತದೆ, ಅದರ ಹಾಳೆ ತೇವವನ್ನೂ ತಡೆಯುತ್ತದೆ. ನನ್ನ ತೆಳು ಚೀಲಗಳಿಗೆ ಆ ಯೋಗ್ಯತೆ ಇರಲಿಲ್ಲ. ನಾಲ್ಕನೆಯ ದಿನಕ್ಕೆ ಚಿಪ್ಸ್ ಮೆತ್ತಗಾದವು, ಎರಡನೆಯ ವಾರಕ್ಕೆ ಕೊನೆಯ ಚೀಲಗಳಲ್ಲಿ ಎಣ್ಣೆಯ ಕಮಟು ವಾಸನೆ. ತಂದದ್ದರಲ್ಲಿ ಕಾಲು ಭಾಗ ಕಸಕ್ಕೆ ಹೋಯಿತು. ತೇವ ಹೀರುವ ಪುಡಿಯ ಚೀಟಿಗಳನ್ನು ಹಾಕಿ ನೋಡಿದೆ. ಮೆತ್ತಗಾಗುವುದು ಎರಡು ದಿನ ಮುಂದೆ ಹೋಯಿತೇ ಹೊರತು ಕಮಟು ನಿಲ್ಲಲಿಲ್ಲ. ಅದಕ್ಕೆ ಕಾರಣ ತೇವವಲ್ಲ, ಆಮ್ಲಜನಕ.

ಇಷ್ಟಾದ ಮೇಲೆ ಸಂಶಯ ಬಂದದ್ದು ಆ 30ರ ಮೇಲೆಯೇ. ಅಮೆರಿಕದ ನಿಯಮದಲ್ಲಿ ಸರ್ವಿಂಗ್ ಎಂಬುದು ಜನರು ಒಂದು ಸಲಕ್ಕೆ ವಾಡಿಕೆಯಲ್ಲಿ ತಿನ್ನುವ ಪ್ರಮಾಣವನ್ನು ಆಧರಿಸಿದ್ದು, ತಿನ್ನಬೇಕಾದ ಪ್ರಮಾಣವಲ್ಲ. 2016ರ ಪರಿಷ್ಕರಣೆಯಲ್ಲಿ ಐಸ್‌ಕ್ರೀಮಿನ ಸರ್ವಿಂಗ್ ಅರ್ಧ ಕಪ್ಪಿನಿಂದ ಮೂರನೇ ಎರಡು ಕಪ್ಪಿಗೆ ಏರಿದ್ದು ಜನ ಹೆಚ್ಚು ತಿನ್ನತೊಡಗಿದ್ದರೆಂಬ ಕಾರಣಕ್ಕೆ. ಹಾಗಿದ್ದ ಮೇಲೆ ಯಾರದೋ ಸರಾಸರಿಯನ್ನು ನಾನು ವ್ರತದಂತೆ ಪಾಲಿಸುವುದೇಕೆ, ನನ್ನದೇ ಸರಾಸರಿಯನ್ನು ಕಂಡುಕೊಳ್ಳಬಾರದೇಕೆ ಎನ್ನಿಸಿತು. ಅಂದಿನಿಂದ ಪೊಟ್ಟಣದ ಪೋಷಕಾಂಶಗಳ ಪಟ್ಟಿಯಲ್ಲಿ ಸರ್ವಿಂಗ್‌ನ ಕಾಲಂ ಬಿಟ್ಟು 100 ಗ್ರಾಂನ ಕಾಲಂ ಮಾತ್ರ ಓದುತ್ತೇನೆ. ಯುರೋಪಿನ ನಿಯಮದಲ್ಲಿ ಕಡ್ಡಾಯವಾಗಿರುವುದೂ ಅದೇ. ಸರ್ವಿಂಗ್‌ನ ಕಾಲಂನಲ್ಲಿ ಒಂದು ಮೋಸವೂ ಅಡಗಿದೆ: ಅರ್ಧ ಗ್ರಾಂಗಿಂತ ಕಡಿಮೆ ಇರುವ ಟ್ರಾನ್ಸ್ ಕೊಬ್ಬನ್ನು ಸೊನ್ನೆ ಎಂದು ಅಚ್ಚು ಹಾಕಲು ಅಮೆರಿಕದಲ್ಲಿ ಅವಕಾಶವಿರುವುದರಿಂದ, ಸರ್ವಿಂಗ್ ಚಿಕ್ಕದಾದಷ್ಟೂ ಸೊನ್ನೆ ಸುಲಭವಾಗುತ್ತದೆ. ಮೂರು ಸರ್ವಿಂಗ್ ತಿಂದವನು ಆ ಸೊನ್ನೆಯನ್ನು ಮೂರರಿಂದ ಗುಣಿಸಿ ಏನು ತಿಳಿದಾನು?

ನನ್ನ ಸರಾಸರಿ ಹಿಡಿಯಲು ತಿಂಡಿಯನ್ನು ತೂಗುವುದನ್ನೇ ಬಿಟ್ಟೆ, ಪೊಟ್ಟಣವನ್ನು ತೂಗತೊಡಗಿದೆ. ತಿನ್ನುವ ಮುಂಚೆ ಒಮ್ಮೆ, ತಿಂದಾದ ಮೇಲೆ ಒಮ್ಮೆ, ಎರಡನ್ನೂ ಮಾರ್ಕರ್‌ನಿಂದ ಪೊಟ್ಟಣದ ಮೇಲೆಯೇ ಬರೆಯುವುದು. ವ್ಯತ್ಯಾಸವೇ ಅಂದಿನ ಪಾಲು. ಮೂರು ವಾರ ಏನನ್ನೂ ಕಡಿತ ಮಾಡದೆ ಮನಸ್ಸು ಬಂದಷ್ಟು ತಿಂದೆ. ತೂಗಲಾಗುತ್ತಿದೆ ಎಂಬ ಅರಿವಿಗೇ ಮೊದಲ ವಾರ ಕೈ ತಾನಾಗಿ ಬಿಗಿಯಾಗಿದ್ದರಿಂದ ಆ ವಾರದ ಅಂಕಿಗಳನ್ನು ಕೈಬಿಟ್ಟೆ. ಉಳಿದ ಎರಡು ವಾರಗಳಲ್ಲಿ ಅತಿ ಕಡಿಮೆ 45, ಅತಿ ಹೆಚ್ಚು 130, ಸರಾಸರಿ 75ರ ಆಸುಪಾಸು. ಅಂದರೆ 75ರವನು ಒಂದೇ ನೆಗೆತಕ್ಕೆ 30ಕ್ಕೆ ಇಳಿಯಲು ಹೋಗಿದ್ದೆ. ನೂರು ದಾಟಿದ ದಿನಗಳೆಲ್ಲ ಮಧ್ಯಾಹ್ನದ ಊಟ ತಡವಾದ ದಿನಗಳೆಂಬುದು ಆ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ತಿಳಿದದ್ದು, ಆದ್ದರಿಂದ ಊಟದ ಹೊತ್ತನ್ನು ಮೊದಲು ಸರಿಮಾಡಿಕೊಂಡೆ.

ಇಳಿಕೆ ಆರಂಭವಾದದ್ದು 70 ಗ್ರಾಂನಿಂದ. ಎರಡು ವಾರಕ್ಕೆ 5 ಗ್ರಾಂ ಕಡಿತ, ಅಷ್ಟೇ. ಆ ಪ್ರಮಾಣವನ್ನು ಬಟ್ಟಲಿಗೆ ಸುರಿದು, ಮೊದಲ ತುಂಡು ಬಾಯಿಗೆ ಹೋಗುವ ಮುಂಚೆಯೇ ಪೊಟ್ಟಣದ ಬಾಯಿ ಮಡಚಿ, ಕ್ಲಿಪ್ ಹಾಕಿ, ಗಾಳಿಯಾಡದ ಡಬ್ಬಿಗೆ ಸೇರಿಸಬೇಕು. ತಿಂದ ಮೇಲೆ ಮುಚ್ಚುತ್ತೇನೆ ಎಂದವನು ಮುಚ್ಚುವುದಿಲ್ಲ, ಅದನ್ನು ನಾನು ಸಾಕಷ್ಟು ಸಲ ಪರೀಕ್ಷಿಸಿದ್ದೇನೆ. ಆ ಡಬ್ಬಿಯನ್ನು ಎಲ್ಲಿ ಇಡುತ್ತೇನೆ ಎಂಬುದು ಈ ವಿಧಾನದ ಅರ್ಧ ಜೀವ. ಅದನ್ನು ಇಲ್ಲಿ ಬರೆಯಲಾರೆ, ಏಕೆಂದರೆ ಇದನ್ನು ನನ್ನ ಮನೆಯವರೂ ಓದುತ್ತಾರೆ. ಎರಡನೆಯ ಬಟ್ಟಲಿಗೆ ನಿಷೇಧವಿರಲಿಲ್ಲ. ಬೇಕಿದ್ದರೆ ಎದ್ದು, ತೂಗಿ, ಬರೆದು ತಿನ್ನಬಹುದಿತ್ತು. ಮೊದಲ ತಿಂಗಳು ಹಾಗೆ ಒಂಬತ್ತು ಹತ್ತು ಸಲ ಎದ್ದಿದ್ದೇನೆ. ಈಗ ತಿಂಗಳಿಗೊಮ್ಮೆ ಎದ್ದರೆ ಹೆಚ್ಚು. ಹದಿಮೂರು ವಾರಗಳಲ್ಲಿ 40ಕ್ಕೆ ಬಂದೆ. ಉತ್ಸಾಹದಲ್ಲಿ 35ಕ್ಕೆ ಇಳಿಸಿದ ನಾಲ್ಕನೆಯ ದಿನವೇ ಎರಡು ಬಟ್ಟಲು ಖಾಲಿಯಾಗಿ 70 ತಿಂದಂತಾಯಿತು. ಮರುದಿನವೇ 40ಕ್ಕೆ ಮರಳಿದೆ, ಅಲ್ಲಿಯೇ ನಿಂತಿದ್ದೇನೆ.

ನಡುವೆ ಕೆಲವು ಅಡ್ಡಪ್ರಯೋಗಗಳೂ ನಡೆದವು. ಪೊಟ್ಟಣದ ಮೇಲಿನ ನಿವ್ವಳ ತೂಕ ನಿಜವೇ ಎಂದು ಇಪ್ಪತ್ತು ಪೊಟ್ಟಣ ತೂಗಿದೆ, ಖಾಲಿ ಹಾಳೆಯ ತೂಕ ಕಳೆದು. ಹೆಚ್ಚಿನವು ಒಂದೆರಡು ಗ್ರಾಂ ಜಾಸ್ತಿಯೇ ಇದ್ದವು, ಎರಡು ಮಾತ್ರ ಕಡಿಮೆ. ಒಂದೇ ಬಟ್ಟಲಿಗೆ ಬೇರೆ ಬೇರೆ ತಿಂಡಿ ತುಂಬಿ ನೋಡಿದಾಗ, ಉಬ್ಬಿದ ಜೋಳದ ತಿಂಡಿ 25 ಗ್ರಾಂಗೇ ಅಂಚು ಮುಟ್ಟಿತು, ಬಾದಾಮಿ 140 ಗ್ರಾಂ ಹಿಡಿಸಿತು. ಆದ್ದರಿಂದ ಬಟ್ಟಲಿನ ಲೆಕ್ಕವನ್ನು ನಂಬುವವರು ತಿಂಡಿ ಬದಲಾದ ದಿನ ಮುಗ್ಗರಿಸುವುದು ಖಚಿತ. ಗಾಢ ಬಣ್ಣದ ಬಟ್ಟಲಿನಿಂದ ಕಡಿಮೆ ತಿನ್ನುತ್ತೇವೆಂದು ಕೇಳಿ ಅದನ್ನೂ ಒಂದು ವಾರ ಮಾಡಿದೆ; ನನ್ನಲ್ಲಿ ಏನೂ ಬದಲಾಗಲಿಲ್ಲ.

ಇನ್ನು ಫಲ. 100 ಗ್ರಾಂಗೆ 540 ಕ್ಯಾಲೊರಿ ಇರುವ ಚಿಪ್ಸ್‌ನಲ್ಲಿ 35 ಗ್ರಾಂ ಕಡಿಮೆಯಾದರೆ ದಿನಕ್ಕೆ 190ರಷ್ಟು ಉಳಿತಾಯ. ಮೈತೂಕದ ಕಿಲೊ ಒಂದಕ್ಕೆ 7,700 ಕ್ಯಾಲೊರಿ ಎಂಬ ಕಾಗದದ ಲೆಕ್ಕದಲ್ಲಿ ಈ ಹೊತ್ತಿಗೆ ಹತ್ತು ಕಿಲೊಗಿಂತ ಹೆಚ್ಚು ಇಳಿಯಬೇಕಿತ್ತು. ತಕ್ಕಡಿ ಇಳಿದದ್ದು ನಾಲ್ಕು. ಮಿಕ್ಕದ್ದನ್ನು ರಾತ್ರಿಯ ಊಟದಲ್ಲಿ ನಾನೇ ಮರಳಿ ಪಡೆದಿರಬೇಕು, ದೂರಿಲ್ಲ. ಉಪ್ಪಿನ ಲೆಕ್ಕ ನನಗೆ ಹೆಚ್ಚು ಸಂತೋಷ ಕೊಟ್ಟಿತು. 100 ಗ್ರಾಂಗೆ 600 ಮಿಲಿಗ್ರಾಂ ಸೋಡಿಯಂ ಎಂದರೆ ಎರಡೂವರೆ ಪಟ್ಟು, ಅಂದರೆ ಒಂದೂವರೆ ಗ್ರಾಂ ಉಪ್ಪು. 75 ಗ್ರಾಂ ತಿನ್ನುತ್ತಿದ್ದಾಗ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಹಾಕಿದ 5 ಗ್ರಾಂ ಮಿತಿಯ ಐದನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದೇ ಬಟ್ಟಲು ನುಂಗುತ್ತಿತ್ತು. ಖರ್ಚು ಹಿಂದಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಎಸೆಯುವುದು ನಿಂತಿದೆ, ತಕ್ಕಡಿ ಮತ್ತು ಡಬ್ಬಿಯ ದುಡ್ಡು ಐದನೆಯ ತಿಂಗಳಿಗೇ ತೀರಿತು.

ಬಿಸ್ಕತ್ತಿನಲ್ಲಿ ಮಾತ್ರ ಇನ್ನೂ ಸೋಲುತ್ತಿದ್ದೇನೆ. ನಾನು ತಿನ್ನುವ ಬಿಸ್ಕತ್ತು ಒಂದಕ್ಕೆ 8 ಗ್ರಾಂ ತೂಗುವುದರಿಂದ 5 ಗ್ರಾಂನ ಮೆಟ್ಟಿಲು ಅಲ್ಲಿ ನಡೆಯುವುದಿಲ್ಲ. ಮುರಿದು ಅರ್ಧ ಇಟ್ಟರೆ ಆ ಅರ್ಧ ಮರುದಿನದವರೆಗೆ ಉಳಿದ ದಾಖಲೆಯಿಲ್ಲ. ಎರಡು ವಾರದ ಬದಲು ನಾಲ್ಕು ವಾರಕ್ಕೆ ಒಂದು ಬಿಸ್ಕತ್ತು ಕಡಿಮೆ ಮಾಡುತ್ತ ಒಂಬತ್ತರಿಂದ ಏಳಕ್ಕೆ ಬಂದಿದ್ದೇನೆ, ಆರು ಬಿಸ್ಕತ್ತಿನ ಮೆಟ್ಟಿಲು ಮುಂದಿನ ಸೋಮವಾರದಿಂದ.