ಭಾನುವಾರ ಸಂಜೆಯ ಲೆಕ್ಕ: ಕಾಮಿಕ್ ಕಾನ್‌ನಲ್ಲಿ ನಾನು ಖರೀದಿ ಮಾಡಿದ್ದು ಹೀಗೆ

ಕಾಮಿಕ್ಸ್, ಬೊಂಬೆ ಪ್ರಿಯರ ಜಾತ್ರೆಯಾದ ಕಾಮಿಕ್ ಕಾನ್‌ನಲ್ಲಿ ಚೌಕಾಸಿ ನಡೆಯುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. "ಭಾವ, ಅದು ಮಾಲ್ ಇದ್ದ ಹಾಗೆ. ಕೆ.ಆರ್. ಮಾರ್ಕೆಟ್ ಅಂದ್ಕೊಂಡ್ರಾ?" ಅಂತ ನನ್ನ ಭಾವಮೈದುನ ನಕ್ಕಿದ್ದ. ಕಾಮಿಕ್ಸ್, ಬೊಂಬೆ ಸಂಗ್ರಹಿಸುವ ನಮ್ಮ ಗೆಳೆಯರಲ್ಲಿ ಹಿರಿಯರೊಬ್ಬರು ಇನ್ನೂ ಮುಂದೆ ಹೋಗಿ, ಅಲ್ಲಿ ಏನನ್ನೂ ಕೊಳ್ಳಲೇಬೇಡ, ಕಾಸ್‌ಪ್ಲೇ (ಪಾತ್ರಗಳ ವೇಷ ಹಾಕಿ ಬರುವವರನ್ನು) ನೋಡಿಕೊಂಡು ಸುಮ್ನೆ ಬಾ ಅಂದಿದ್ದರು. ಕಳೆದ ಸಲ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರದಿಂದ ನಾನು ಹೊತ್ತು ತಂದಿದ್ದಕ್ಕೆ ಸ್ಟಾಲ್‌ನವರು ಮೊದಲು ಹೇಳಿದ ಬೆಲೆ ಕೂಡಿಸಿದರೆ ಸುಮಾರು 17,500 ಆಗುತ್ತದೆ. ನಾನು ಕೊಟ್ಟಿದ್ದು 12,000ದೊಳಗೆ. ಮೂರು ಸಾವಿರದಷ್ಟಕ್ಕೆ ಒಂದು ಪೈಸೆಯೂ ಚೌಕಾಸಿ ಮಾಡಿಲ್ಲ, ಬೇಕಂತಲೇ ಮಾಡಿಲ್ಲ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಕೆಲಸಕ್ಕೆ ಬಾರದ ದಾರಿಗಳು. ಎಲ್ಲರೂ ಹೇಳುವುದು ಶನಿವಾರ ಬೆಳಿಗ್ಗೆ ಗೇಟು ತೆಗೆಯುವಾಗಲೇ ನುಗ್ಗಿಬಿಡು ಅಂತ. ನುಗ್ಗಿದ್ದೇನೆ. ಆ ಹೊತ್ತಿನಲ್ಲಿ ಅಂಗಡಿಯವನಿಗೆ ನಿಮ್ಮ ಅಗತ್ಯವೇ ಇರುವುದಿಲ್ಲ. ನಿಮ್ಮ ಹಿಂದೆ ಇನ್ನೂ ಇನ್ನೂರು ಜನ ನಿಂತಿರುತ್ತಾರೆ. ಬೆಲೆ ಕೇಳಿದರೆ ಕಣ್ಣೆತ್ತಿ ನೋಡದೆ ಸ್ಟಿಕರ್ ತೋರಿಸುತ್ತಾನೆ. ಇನ್ನೊಂದು ವರ್ಷ ಉಲ್ಟಾ ಮಾಡಿದೆ. ಭಾನುವಾರ ಮಧ್ಯಾಹ್ನದ ಮೇಲೆ ಮಾತ್ರ ಹೋದೆ. ಬೊಂಬೆಗಳು ಅಗ್ಗಕ್ಕೇನೋ ಸಿಕ್ಕವು, ಆದರೆ ಆರ್ಟಿಸ್ಟ್ ಆಲಿಯಲ್ಲಿ, ಅಂದರೆ ಕಲಾವಿದರೇ ಮೇಜು ಹಾಕಿಕೊಂಡು ಕೂರುವ ಸಾಲಿನಲ್ಲಿ, ನನಗೆ ಬೇಕಿದ್ದ ಕಾಮಿಕ್ಸ್ ಖಾಲಿ. ಸ್ವತಂತ್ರವಾಗಿ ಪುಸ್ತಕ ಮಾಡುವವರು ಕಡಿಮೆ ಪ್ರತಿ ಅಚ್ಚು ಹಾಕಿಸಿರುತ್ತಾರೆ, ಅದರಲ್ಲೂ ಇಲ್ಲಿಗೆ ತರುವುದು ಒಂದೆರಡು ಬ್ಯಾಗ್ ಅಷ್ಟೇ. ಶನಿವಾರ ಸಂಜೆಗೇ ಮುಗಿದುಹೋಗುತ್ತದೆ.

ನಾಲ್ಕು ಜನ ಸೇರಿ ಒಟ್ಟಿಗೆ ಕೊಳ್ಳುವ ಪ್ರಯೋಗವೂ ಆಯಿತು. ಎಂಟು ಫಂಕೋ ಪಾಪ್ (ದೊಡ್ಡ ತಲೆಯ ಪುಟ್ಟ ಬೊಂಬೆ) ತೆಗೆದುಕೊಳ್ಳುತ್ತೇವೆ, ಕಡಿಮೆ ಮಾಡಿಕೊಡಿ ಅಂತ. ಅಂಗಡಿಯವರು ಒಪ್ಪಿದರು. ಆಮೇಲೆ ಯಾರಿಗೆ ಯಾವುದು ಅಂತ ಫುಡ್ ಕೋರ್ಟ್‌ನಲ್ಲಿ ಕೂತು ಜಗಳ. ಒಬ್ಬನ ಪಾಲಿನ ದುಡ್ಡು ನನಗೆ ಇನ್ನೂ ಬಂದಿಲ್ಲ. ಆ ವಿಷಯ ಇಲ್ಲಿಗೆ ಬಿಡೋಣ.

ಕೆಲಸ ಮಾಡಿದ್ದು ಇದು: ಶನಿವಾರ ಕಾಗದ, ಭಾನುವಾರ ಪ್ಲಾಸ್ಟಿಕ್.

ಶನಿವಾರ ಹೋಗಿ ಆರ್ಟಿಸ್ಟ್ ಆಲಿ ಮತ್ತು ಸಣ್ಣ ಪ್ರಕಾಶಕರ ಮೇಜುಗಳನ್ನು ಮಾತ್ರ ಮುಗಿಸುತ್ತೇನೆ. ಅಲ್ಲಿ ಹೇಳಿದ ಬೆಲೆ ಕೊಡುತ್ತೇನೆ. ಬರೆದವರೇ, ಚಿತ್ರ ಬಿಡಿಸಿದವರೇ ಎದುರಿಗೆ ಕೂತಿರುತ್ತಾರೆ. ಮೇಜಿನ ಬಾಡಿಗೆ ಕಟ್ಟಿ, ಅಚ್ಚಿನ ಖರ್ಚು ಹಾಕಿ, 300 ರೂಪಾಯಿಯ ಪುಸ್ತಕದಲ್ಲಿ ಅವರಿಗೆ ಉಳಿಯುವುದೆಷ್ಟು? ಅವರ ಹತ್ತಿರ ಐವತ್ತು ರೂಪಾಯಿಗೆ ಕಿತ್ತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದರಲ್ಲಿ ಲಾಭವೂ ಇದೆ ಅನ್ನಿ. ಪೂರ್ತಿ ಬೆಲೆ ಕೊಟ್ಟು ಎರಡು ಮಾತಾಡಿದರೆ ಪುಸ್ತಕದ ಒಳಪುಟದಲ್ಲಿ ಸಹಿಯ ಜೊತೆ ಸಣ್ಣ ಸ್ಕೆಚ್ ಕೂಡ ಬಿಡಿಸಿಕೊಡುತ್ತಾರೆ. ಶನಿವಾರ ಬೆಳಿಗ್ಗೆ ಅವರ ಕೈಗೂ ಬಿಡುವಿರುತ್ತದೆ. ಕಳೆದ ಸಲ ಐದಾರು ಪುಸ್ತಕ, ಮೂರ್ನಾಲ್ಕು ಎ3 ಪ್ರಿಂಟ್, ಎಲ್ಲ ಸೇರಿ ಸುಮಾರು 3,000 ಆಯಿತು.

ಆಮೇಲೆ ದೊಡ್ಡ ಸ್ಟಾಲ್‌ಗಳ ಕಡೆ ಒಂದು ಸುತ್ತು, ಕೈಯಲ್ಲಿ ಚಿಕ್ಕ ನೋಟ್‌ಬುಕ್. ಯಾವ ಸಾಲು, ಯಾವ ಬೊಂಬೆ, ಎಷ್ಟು ಹೇಳಿದರು, ಎಷ್ಟು ಪೀಸು ಇದೆ. ಅಷ್ಟೇ. ಕೊಳ್ಳುವಂತಿಲ್ಲ. ಕಷ್ಟ ಇರುವುದೇ ಇಲ್ಲಿ. ನಾನು ದೊಡ್ಡ ನೋಟುಗಳನ್ನು ಶನಿವಾರ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಫೋನಿನಲ್ಲಿರುವ ಯುಪಿಐ ಆ್ಯಪ್‌ಗೆ ಏನು ಮಾಡುತ್ತೀರಿ ಅಂದರೆ, ಆ ಹಾಲ್‌ನಲ್ಲಿ ಮಧ್ಯಾಹ್ನ ಹನ್ನೆರಡಾದ ಮೇಲೆ ನೆಟ್‌ವರ್ಕ್ ತಾನಾಗಿಯೇ ನಿಮ್ಮನ್ನು ಕಾಪಾಡುತ್ತದೆ. ಅಷ್ಟು ಸಾವಿರ ಜನ ಒಂದೇ ಸೂರಿನಡಿ ರೀಲ್ಸ್ ಹಾಕುತ್ತಿದ್ದರೆ ಇನ್ನೇನಾಗುತ್ತದೆ?

ಭಾನುವಾರ ಮೂರೂವರೆ, ನಾಲ್ಕಕ್ಕೆ ಮತ್ತೆ ಒಳಗೆ. ಎರಡು ದಿನಕ್ಕೂ ಟಿಕೆಟ್ ಬೇಕಾಗುತ್ತದೆ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಐದು ಸಾವಿರದೊಳಗೆ ಕೊಳ್ಳುವವರಿಗೆ ಇದು ಗಿಟ್ಟುವುದಿಲ್ಲ. ಮೆಟ್ರೋದಿಂದ ಮಾತ್ರ ಉಪಕಾರ ಆಗಿದೆ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಜೋಡಿಸಿಕೊಂಡ ಮೇಲೆ ಎರಡು ದಿನ ಓಡಾಡುವುದು ಸಲೀಸು. ಮೊದಲೆಲ್ಲ ಮಾರತಹಳ್ಳಿ ದಾಟುವಷ್ಟರಲ್ಲೇ ಕೊಳ್ಳುವ ಹುಮ್ಮಸ್ಸು ಇಳಿದಿರುತ್ತಿತ್ತು.

ಸಂಜೆ ಬೆಲೆ ಇಳಿಯುವುದಕ್ಕೆ ಕಾರಣ ಸರಳ. ಆಮದು ಬೊಂಬೆ ಮಾರುವವರಲ್ಲಿ ಹೆಚ್ಚಿನವರು ಮುಂಬೈ, ದೆಹಲಿ ಕಡೆಯವರು. ಊರಿಂದ ಊರಿಗೆ ಡಬ್ಬ ಹೊತ್ತುಕೊಂಡು ಹೋಗುತ್ತಾರೆ. ಮಾಲಿನಲ್ಲಿ ದುಡ್ಡು ಸಿಕ್ಕಿಕೊಂಡಿರುತ್ತದೆ. ಅದೂ ಸಣ್ಣ ದುಡ್ಡಲ್ಲ. ಆಟಿಕೆಗಳ ಮೇಲಿನ ಕಸ್ಟಮ್ಸ್ ಸುಂಕ 2020ರ ಬಜೆಟ್‌ನಲ್ಲಿ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70 ಆಯಿತು. ಜೊತೆಗೆ 2021ರ ಜನವರಿಯಿಂದ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯ. ಹೀಗಿರುವಾಗ ಮಾರಾಟವಾಗದೆ ಉಳಿದ ಡಬ್ಬವನ್ನು ಮತ್ತೆ ಲಾರಿ ಪಾರ್ಸೆಲ್‌ಗೆ ಹಾಕಿ, ಮೂಲೆ ನಜ್ಜುಗುಜ್ಜಾಗಿ, ಗೋಡೌನ್ ಬಾಡಿಗೆ ಕೊಟ್ಟು ಇಟ್ಟುಕೊಳ್ಳುವುದಕ್ಕಿಂತ ಕಡಿಮೆಗೆ ಕೊಟ್ಟು ಕೈ ತೊಳೆದುಕೊಳ್ಳುವುದೇ ಅವರಿಗೆ ಮೇಲು. ಆದರೆ ಒಂದು ವಿಷಯ ಜಾಸ್ತಿ ಜನ ನೋಡುವುದಿಲ್ಲ. ಬೆಂಗಳೂರು ಮುಗಿದ ಮೇಲೆ ಮುಂದಿನ ಊರಿನ ಕಾನ್ ಎಷ್ಟು ದಿನಕ್ಕಿದೆ ಅನ್ನುವುದು. ಎರಡು ಮೂರು ವಾರದಲ್ಲೇ ಇದ್ದರೆ ಅವರು ಬಗ್ಗುವುದಿಲ್ಲ, ಅಲ್ಲಿ ಮಾರಿದರಾಯಿತು ಅಂತ ಇರುತ್ತಾರೆ. ನಡುವೆ ತಿಂಗಳುಗಟ್ಟಲೆ ಗ್ಯಾಪ್ ಇದ್ದರೆ ಮಾತು ಬೇರೆಯೇ. ನಾನು ಬಜೆಟ್ ಹಾಕುವ ಮೊದಲು ಕ್ಯಾಲೆಂಡರ್ ನೋಡುತ್ತೇನೆ.

ಒಂದೇ ಬೊಂಬೆಗೆ ಕೇಳಿದರೆ ನೂರು ರೂಪಾಯಿಯೂ ಇಳಿಯುವುದಿಲ್ಲ. ಮೂರು ಸೇರಿಸಬೇಕು. ಅದರಲ್ಲಿ ಒಂದು ನನಗೆ ನಿಜಕ್ಕೂ ಬೇಕಾದದ್ದು, ಒಂದು ಪರವಾಗಿಲ್ಲ ಅನ್ನುವಂಥದ್ದು, ಇನ್ನೊಂದು ಅವರ ಮೇಜಿನ ಮೇಲೆ ಎರಡು ದಿನದಿಂದ ಅಲ್ಲಾಡದೆ ಕೂತಿರುವುದು. ಮೂರನೆಯದೇ ಮುಖ್ಯ. ಶನಿವಾರ ಬರೆದುಕೊಂಡ ನೋಟ್‌ಬುಕ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾಲ್ಕು ಪೀಸು ಇದ್ದದ್ದು ಭಾನುವಾರವೂ ನಾಲ್ಕೇ ಇದ್ದರೆ ಅದು ಅವರಿಗೆ ತಲೆನೋವು ಅಂತ ಅರ್ಥ. ಜಪಾನಿನ ಬ್ಯಾನ್‌ಪ್ರೆಸ್ಟೋ ಬ್ರ್ಯಾಂಡಿನ ಪ್ರೈಜ್ ಫಿಗರ್ ಅನ್ನುವ ಬೊಂಬೆ ಮೂರು, ಒಂದಕ್ಕೆ 2,800 ಹೇಳಿದ್ದರು. ಮೂರಕ್ಕೆ 5,500 ಕ್ಯಾಶ್ ಎಣಿಸಿ ಮೇಜಿನ ಮೇಲಿಟ್ಟೆ. "ನಹೀ ಹೋಗಾ ಭಯ್ಯಾ" ಅಂದರು. ನಾನು ನೋಟು ವಾಪಸ್ ಎತ್ತಿಕೊಳ್ಳಲಿಲ್ಲ, ಹೋಗಲೂ ಇಲ್ಲ. ಆಗ ಒಂದು ಮಾತು ಹೇಳುತ್ತೇನೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷ ಎಲ್ಲರೂ ಅದನ್ನೇ ಹೇಳಿದರೆ ನನ್ನ ಗತಿ ಏನು? ಐದು ನಿಮಿಷದಲ್ಲಿ ಕವರ್‌ಗೆ ಹಾಕಿ ಕೊಟ್ಟರು. ಎರಡು ಫಂಕೋ, 1,800ರ ಲೆಕ್ಕದ್ದು, ಇದೇ ರೀತಿ 2,200ಕ್ಕೆ ಬಂದವು.

ಸಂಜೆಯ ಅವಸರದಲ್ಲೂ ನಕಲಿ ನೋಡುವುದನ್ನು ಬಿಡಬೇಡಿ. ಫಂಕೋ ಆದರೆ ಡಬ್ಬದ ತಳದ ಕೋಡ್ ಮತ್ತು ಬೊಂಬೆಯ ಕಾಲಿನಡಿಯೋ ಕತ್ತಿನ ಹಿಂದೆಯೋ ಇರುವ ಕೋಡ್ ತಾಳೆಯಾಗಬೇಕು. ಚೇಸ್, ಅಂದರೆ ಅದೇ ಬೊಂಬೆಯ ವಿಶೇಷ ರೂಪ, ಅನ್ನುವ ಸ್ಟಿಕರ್ ಕಂಡ ಕೂಡಲೇ ಮೈಮರೆಯಬೇಡಿ. ಚೇಸ್ ಸಾಮಾನ್ಯವಾಗಿ ಆರಕ್ಕೊಂದು, ಅಷ್ಟೇನೂ ಅಪರೂಪವಲ್ಲ. ಸ್ಟಿಕರ್ ಬೇರೆ ಡಬ್ಬದಿಂದ ಕಿತ್ತು ಅಂಟಿಸಿದ್ದೂ ನೋಡಿದ್ದೇನೆ. ಮಂಗಾ, ಅಂದರೆ ಜಪಾನಿ ಕಾಮಿಕ್ಸ್ ಮಾತ್ರ ನಾನು ಅಲ್ಲಿ ಕೊಳ್ಳುವುದೇ ಇಲ್ಲ. ಅದೇ ಸಂಪುಟ ಚರ್ಚ್ ಸ್ಟ್ರೀಟ್‌ನಲ್ಲಿ ಬ್ಲಾಸಮ್‌ನಲ್ಲೋ ಬುಕ್‌ವರ್ಮ್‌ನಲ್ಲೋ ಆರಾಮಾಗಿ ನೋಡಿ ಕೊಳ್ಳಬಹುದು. ಕಾನ್‌ನಿಂದ ಹೊತ್ತು ತರುವ ಕರ್ಮ ಯಾಕೆ?

ಈಗ ನನಗೆ ನಿಜಕ್ಕೂ ಖುಷಿ ಕೊಟ್ಟ ಖರೀದಿ. ಹೊರ ಊರಿನ ಹಳೇ ಕಾಮಿಕ್ಸ್ ವ್ಯಾಪಾರಿಯೊಬ್ಬರ ಮೇಜಿನ ಮೇಲೆ ಇಂಗ್ಲಿಷ್, ಹಿಂದಿ ಇಂದ್ರಜಾಲ ಕಾಮಿಕ್ಸ್ ಜೋಡಿಸಿಟ್ಟಿದ್ದರು. ಮೇಲಿರುವುದು ಯಾವಾಗಲೂ ದುಬಾರಿ. ಕೆಳಗಿನ ಡಬ್ಬ ತೋರಿಸಿ ಅಂತ ಕೇಳಿದೆ. ಇಂದ್ರಜಾಲ 1964ರಲ್ಲಿ ಶುರುವಾಗಿ 1990ರಲ್ಲಿ ನಿಂತಿತು, ಕನ್ನಡದಲ್ಲೂ ಬರುತ್ತಿತ್ತು ಅನ್ನುವುದು ನಮಗೆಲ್ಲ ಗೊತ್ತು. ಆದರೆ ಆ ವ್ಯಾಪಾರಿಗೆ ಕನ್ನಡದ ಪ್ರತಿ ಅಂದರೆ ಓದಲು ಬಾರದ ಅಕ್ಷರ, ಯಾರೂ ಕೇಳದ ಮಾಲು. ರಟ್ಟಿನ ಡಬ್ಬದ ತಳದಲ್ಲಿ ಮರಾಠಿ, ಬಂಗಾಳಿ ನಡುವೆ ಕನ್ನಡದ್ದು ಎಂಟೊಂಬತ್ತು ಇದ್ದವು. ಫ್ಯಾಂಟಮ್ ನಾಲ್ಕು, ಮ್ಯಾಂಡ್ರೇಕ್ ಮೂರ್ನಾಲ್ಕು, ಬಹಾದುರ್ ಒಂದು. ಒಂದಕ್ಕೆ 300 ಅಂದರು, ಎಲ್ಲ ಸೇರಿ 1,200ಕ್ಕೆ ಕೊಟ್ಟರು. ಅವೆನ್ಯೂ ರೋಡಿನಲ್ಲಿ ಕನ್ನಡ ಇಂದ್ರಜಾಲ ಕೇಳಿ ನೋಡಿ. ಇದ್ದರೆ ಬೆಲೆ ಕೇಳಿದ ಕೂಡಲೇ ಅಂಗಡಿಯವರ ಮುಖದಲ್ಲಿ ನಗು ಬರುತ್ತದೆ, ಅವರಿಗೆ ಗೊತ್ತು. ಅದಕ್ಕೇ ಹೇಳುವುದು, ಕನ್ನಡದ ಮಾಲನ್ನು ಕನ್ನಡ ಬಾರದವರ ಹತ್ತಿರ ಹುಡುಕಬೇಕು. ಯಾವ ಸಾಲು, ಯಾವ ಮೇಜು ಅಂತ ಕೇಳಬೇಡಿ. ಹೇಳುವುದಿಲ್ಲ.

ಅದೇ ಡಬ್ಬದಲ್ಲಿ ಅಮರ ಚಿತ್ರಕಥೆಯ ಮೊದಲ ಹತ್ತರಲ್ಲಿ ಯಾವುದಾದರೂ ಸಿಗಬಹುದಾ ಅಂತ ಕೊನೆಯವರೆಗೂ ಕೆದಕಿದೆ. ಕೃಷ್ಣನ ಕಥೆಗೆ 11ನೇ ನಂಬರು ಬಂದದ್ದು ಅದಕ್ಕೂ ಮೊದಲಿನ ಹತ್ತು ಸಂಚಿಕೆ ಪಾಶ್ಚಾತ್ಯ ಕಥೆಗಳದ್ದಾದ್ದರಿಂದ ಅಲ್ವಾ? ಆ ಹತ್ತರ ಮೇಲೆ ನನಗೆ ಬಹಳ ದಿನದಿಂದ ಕಣ್ಣಿದೆ. ಸಿಗಲಿಲ್ಲ.

ತರುವ ವಿಧಾನದಲ್ಲೂ ಸ್ವಲ್ಪ ದುಡ್ಡು ಕಳೆದಿದ್ದೇನೆ. ಎ3 ಪ್ರಿಂಟ್‌ಗಳಿಗೆ ಹಾರ್ಡ್‌ವೇರ್ ಅಂಗಡಿಯಿಂದ ಎರಡೂವರೆ ಇಂಚಿನ ಪಿವಿಸಿ ಪೈಪು ಕೊಯ್ಯಿಸಿ, ಎರಡು ಕಡೆ ಕ್ಯಾಪ್ ಹಾಕಿಸಿದ್ದೆ. ಬಹಳ ಬುದ್ಧಿವಂತಿಕೆ ಅಂದುಕೊಂಡಿದ್ದೆ. ಮೆಟ್ರೋ ಸ್ಕ್ಯಾನರ್ ಹತ್ತಿರ ನಿಲ್ಲಿಸಿ, ಇದೇನು ಅಂತ ಬಿಚ್ಚಿಸಿದರು. ಮನೆಗೆ ಬಂದ ಮೇಲೆ ದಪ್ಪ ಕಾಗದದ ಪ್ರಿಂಟ್ ವಾರಗಟ್ಟಲೆ ಸುರುಳಿ ಬಿಡಲಿಲ್ಲ. ಈಗ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ದೊಡ್ಡ ಡ್ರಾಯಿಂಗ್ ಪ್ಯಾಡ್ ಎರಡು, ನಡುವೆ ಪ್ರಿಂಟು, ನಾಲ್ಕು ರಬ್ಬರ್ ಬ್ಯಾಂಡ್. ಮುಗಿಯಿತು. ಮಳೆ ಬಂದರೆ ಮೇಲೊಂದು ಕಸದ ಕವರ್.

ಕಾಮಿಕ್ಸ್ ಇಟ್ಟುಕೊಳ್ಳುವುದಕ್ಕೆ ಆಮದು ಬ್ಯಾಗ್ (ಪ್ಲಾಸ್ಟಿಕ್ ಕವರ್) ಮತ್ತು ಬೋರ್ಡ್ (ಒಳಗಿಡುವ ರಟ್ಟು) ಕೊಂಡು ಸಾಕಾಗಿ, ಬಟ್ಟೆ ಅಂಗಡಿಯವರು ಷರ್ಟ್ ಹಾಕುವ ಪಿಪಿ (ಪಾಲಿಪ್ರೊಪಿಲೀನ್) ಕವರ್ ಪ್ರಯತ್ನಿಸಿದೆ. ಚಿಕ್ಕಪೇಟೆ ಕಡೆ ನೂರರ ಕಟ್ಟು ಅಗ್ಗಕ್ಕೆ ಸಿಗುತ್ತದೆ. ಪಿವಿಸಿ ಅಲ್ಲ, ಪಿಪಿ ಅಂತ ಕೇಳಿಯೇ ತೆಗೆದುಕೊಳ್ಳಿ. ಮೂರ್ನಾಲ್ಕು ವರ್ಷದಿಂದ ಏನೂ ತೊಂದರೆಯಾಗಿಲ್ಲ. ಬೋರ್ಡ್ ಬದಲಿಗೆ ಹಳೇ ಲಗ್ನಪತ್ರಿಕೆ ಇಡುವ ಪ್ರಯೋಗ ಮಾತ್ರ ಕೈಕೊಟ್ಟಿತು. ತಾಗಿದ ಕಡೆಯೆಲ್ಲ ಪುಟ ಹಳದಿಯಾಯಿತು. ಡಬ್ಬದ ಪ್ಲಾಸ್ಟಿಕ್ ಮೇಲಿನ ಬೆಲೆ ಸ್ಟಿಕರ್ ಗೋಂದಿಗೆ ನೀಲಗಿರಿ ಎಣ್ಣೆ ಎರಡು ಹನಿ ಸಾಕು. ಕೊಬ್ಬರಿ ಎಣ್ಣೆ ಹಾಕಿ ಅಂತ ಸಲಹೆ ಕೊಟ್ಟವರು ರಟ್ಟಿನ ಮೇಲೆ ಅದರ ಕಲೆ ನೋಡಿಲ್ಲ ಅಂತ ಕಾಣುತ್ತದೆ.

ಸದ್ಯಕ್ಕೆ ತಲೆ ಕೆಡಿಸಿರುವುದು ಆ ಇಂದ್ರಜಾಲಗಳ ಪಿನ್ನು. ಎಲ್ಲವೂ ತುಕ್ಕು ಹಿಡಿದಿವೆ, ಕೆಂಪು ಕಲೆ ನಡುಪುಟಕ್ಕೆ ಇಳಿಯುತ್ತಿದೆ. ತೀರಾ ಹರಿದಿದ್ದ ಒಂದು ಮ್ಯಾಂಡ್ರೇಕ್‌ನ ಪಿನ್ ಮೆಲ್ಲಗೆ ಬಿಡಿಸಿ, ಅದೇ ತೂತಿನಲ್ಲಿ ಹತ್ತಿ ದಾರ ಪೋಣಿಸಿ ಕಟ್ಟಿದ್ದೇನೆ. ಚೆನ್ನಾಗಿಯೇ ಕೂತಿದೆ. ಆದರೆ ಮೂಲ ಪಿನ್ ತೆಗೆದರೆ ಬೆಲೆ ಬೀಳುತ್ತದೆ ಅನ್ನುವವರಿದ್ದಾರೆ, ಬಿಟ್ಟರೆ ಪುಸ್ತಕವೇ ಹೋಗುತ್ತದೆ ಅನ್ನುವವನು ನಾನು. ಉಳಿದ ಏಳೆಂಟನ್ನು ಈ ಮಳೆಗಾಲದೊಳಗೆ ಹೊಲಿದು ಮುಗಿಸಬೇಕು.