ಹಳಿಯ ಕೀಲಿಗೆ ಎರಡು ಕೆಲಸ ಹೇಳಬಾರದು: ಮನೆಯಲ್ಲಿ ಮಾದರಿ ರೈಲು ಮಾರ್ಗ ಕಟ್ಟಿದ ನನ್ನ ಅನುಭವ

ವಿಜಯಪುರದ ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ಒಂದು ಮಾದರಿ ರೈಲು ಮಾರ್ಗವಿದೆ. ಒಂದೇ ಒಂದು 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆ, ಅದರ ಮೇಲೆ ಸುತ್ತು ಬರುವ ಒಂಟಿ ಹಳಿ, ಒಂದು ಬದಿಯಲ್ಲಿ ಎದುರುಬದುರು ಗಾಡಿಗಳು ದಾಟಿಕೊಳ್ಳುವುದಕ್ಕೆ ಒಂದು ಲೂಪ್ ಹಳಿ ಮತ್ತು ಸಣ್ಣ ನಿಲ್ದಾಣ. ಗದಗ–ಹೊಟಗಿ ಮಾರ್ಗ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಇಂಡಿ ರೋಡಿನಂಥ ನಿಲ್ದಾಣಗಳಲ್ಲಿ ಎದುರು ಗಾಡಿಗಾಗಿ ಕಾಯುತ್ತ ಕುಳಿತ ನೆನಪೇ ಇದಕ್ಕೆ ಮೂಲ. ಮೊದಲ ಬಾರಿ ಕಟ್ಟಿದಾಗ ಅದು ನಾಲ್ಕು ತಿಂಗಳು ಚೆನ್ನಾಗಿ ಓಡಿ ಏಪ್ರಿಲಿನಲ್ಲಿ ಕೈಕೊಟ್ಟಿತು. ಎಲ್ಲವನ್ನೂ ಕಿತ್ತು ಎರಡನೆಯ ಬಾರಿ ಕಟ್ಟಿದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಳತೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನಾನು ಆರಿಸಿಕೊಂಡದ್ದು ಎಚ್‌ಒ ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ.; ಇದು 1435 ಮಿ.ಮೀ. ಅಂತರದ ವಿದೇಶಿ ಹಳಿಗಳಿಗೆ ಸರಿಹೊಂದುವ ಲೆಕ್ಕ. ನಮ್ಮ ಬ್ರಾಡ್ ಗೇಜಿನ 1676 ಮಿ.ಮೀ.ಗೆ 19 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಬೇಕು, ಮೀಟರ್ ಗೇಜಿಗೆ 12ಕ್ಕಿಂತ ತುಸು ಕಡಿಮೆ ಸಾಕು. ಸಿದ್ಧ ಹಳಿ, ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಯ ಕವಲು), ಎಂಜಿನ್ ಎಲ್ಲವೂ ಸುಲಭವಾಗಿ ಸಿಗುವುದು 16.5ರಲ್ಲಿಯೇ ಆದ್ದರಿಂದ ಆ ವ್ಯತ್ಯಾಸವನ್ನು ಒಪ್ಪಿಕೊಂಡೆ. ಉದ್ದದ ವಿಷಯದಲ್ಲಿಯೂ ರಾಜಿ ಅನಿವಾರ್ಯ: 22 ಮೀಟರಿನ ಪ್ರಯಾಣಿಕರ ಬೋಗಿ ಈ ಅಳತೆಯಲ್ಲಿ 25 ಸೆಂ.ಮೀ. ಆಗುತ್ತದೆ, ಆದ್ದರಿಂದ ನನ್ನ ಲೂಪಿನಲ್ಲಿ ಒಂದು ಎಂಜಿನ್ ಮತ್ತು ಮೂರು ಬೋಗಿಗಳಷ್ಟೇ ನಿಲ್ಲುತ್ತವೆ. ತಿರುವಿನ ತ್ರಿಜ್ಯ 505 ಮಿ.ಮೀ. ಇದಕ್ಕಿಂತ ಬಿಗಿಯಾದ ತಿರುವಿನಲ್ಲಿ ಉದ್ದ ಬೋಗಿಗಳು ನೋಡುವುದಕ್ಕೆ ಸಂಕಟವಾಗುವಷ್ಟು ಹೊರಚಾಚುತ್ತವೆ.

ಮೊದಲ ಬಾರಿ ಹಳಿ ಹಾಸಿದ್ದು ಡಿಸೆಂಬರಿನ ಒಂದು ಮುಂಜಾನೆ. ಸುಮಾರು 91 ಸೆಂ.ಮೀ. ಉದ್ದದ, ಬಾಗಿಸಬಹುದಾದ ಹಳಿಯ ತುಂಡುಗಳನ್ನು ಲೋಹದ ಜಾಯಿನರುಗಳಿಂದ ಒಂದಕ್ಕೊಂದು ಬಿಗಿಯಾಗಿ ಕೂಡಿಸಿದ್ದೆ. ಎಲ್ಲಿಯೂ ಕೂದಲೆಳೆಯಷ್ಟು ಸಂದು ಕಾಣಬಾರದೆಂಬುದೇ ಆಗ ನನ್ನ ಹೆಮ್ಮೆಯಾಗಿತ್ತು. ಎಂಜಿನ್ ಹಳಿಗಳಿಂದಲೇ ಪಡೆಯುವ ವಿದ್ಯುತ್ತನ್ನು ನಿಲ್ದಾಣದ ಹತ್ತಿರ ಒಂದೇ ಕಡೆ, ಎರಡು ತಂತಿಗಳಿಂದ ಕೊಟ್ಟಿದ್ದೆ. ಏಪ್ರಿಲಿನ ಒಂದು ಮಧ್ಯಾಹ್ನ ಗಾಡಿ ದೂರದ ತಿರುವಿನಲ್ಲಿ ತೆವಳತೊಡಗಿತು, ಮರುದಿನ ಅಲ್ಲಿಯೇ ಹಳಿ ತಪ್ಪಿತು. ಬಗ್ಗಿ ನೋಡಿದರೆ ಹಳಿ ಪಕ್ಕಕ್ಕೆ ಉಬ್ಬಿ, ಮೊಳೆಯನ್ನೇ ಮೇಲೆತ್ತಿತ್ತು.

ಲೆಕ್ಕ ಹಾಕಿದ ಮೇಲೆ ಕಾರಣ ತಿಳಿಯಿತು. ಹಳಿಯ ನಿಕಲ್ ಸಿಲ್ವರ್ ಲೋಹ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಸುಮಾರು 16 ಪಾಲಿನಷ್ಟು ಹಿಗ್ಗುತ್ತದೆ. ಕೋಣೆಯ ಉಷ್ಣತೆ ಡಿಸೆಂಬರಿನ ಬೆಳಗಿನಿಂದ ಬೇಸಿಗೆಯ ಮಧ್ಯಾಹ್ನಕ್ಕೆ 25ರಿಂದ 30 ಡಿಗ್ರಿ ಏರಿದರೆ ಪ್ರತಿ ತುಂಡು ಅರ್ಧ ಮಿ.ಮೀ.ಗೆ ಸಮೀಪ ಬೆಳೆಯುತ್ತದೆ. ಇಷ್ಟೇ ಆಗಿದ್ದರೆ ಹೇಗೋ ತಡೆಯುತ್ತಿತ್ತೇನೋ. ಆದರೆ ನಮ್ಮ ಬೇಸಿಗೆಯ ಒಣಗಾಳಿಗೆ ಬಣ್ಣ ಬಳಿಯದ ಹಲಗೆ ತೇವ ಕಳೆದುಕೊಂಡು ಕುಗ್ಗುತ್ತದೆ. ಹಳಿ ಹಿಗ್ಗುವುದೂ ಹಲಗೆ ಕುಗ್ಗುವುದೂ ಒಂದೇ ಋತುವಿನಲ್ಲಿ ಕೂಡಿ ಬರುವುದರಿಂದ ಬಯಲುಸೀಮೆಯ ಊರುಗಳಲ್ಲಿ ಈ ತೊಂದರೆ ಇಮ್ಮಡಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಬಾರಿ ಹಲಗೆಯ ಮೇಲೆ, ಕೆಳಗೆ, ಅಂಚುಗಳಿಗೆ ಎರಡು ಸಲ ವಾರ್ನಿಷ್ ಬಳಿದೆ. ಚಳಿಗಾಲದಲ್ಲಿ ಹಾಸುವುದಾದರೆ ಎರಡು ತುಂಡುಗಳು ಕೂಡುವ ಕೀಲಿನಲ್ಲಿ ಅರ್ಧ ಮಿ.ಮೀ. ಸಂದು ಬಿಡಬೇಕು, ಅದಕ್ಕಾಗಿ ಮದುವೆಯ ಆಮಂತ್ರಣ ಪತ್ರಿಕೆಯ ದಪ್ಪ ಕಾಗದದ ಚೂರೊಂದನ್ನು ಎರಡು ಹಳಿಗಳ ನಡುವೆ ಇಟ್ಟು, ಹಳಿಯನ್ನು ಕೂರಿಸಿದ ಮೇಲೆ ಎಳೆದು ತೆಗೆಯುತ್ತಿದ್ದೆ. ತಿರುವಿನ ನಡುವೆ ಬರುವ ಕೀಲುಗಳನ್ನು ಮಾತ್ರ ಹಳಿ ನೇರವಾಗಿರುವಾಗಲೇ ಬೆಸೆದು ಅನಂತರ ಬಾಗಿಸಿದೆ, ಇಲ್ಲವಾದರೆ ಅಲ್ಲಿ ಮೊಣಕೈಯಂತೆ ಕೋನ ಬೀಳುತ್ತದೆ. ಉಳಿದ ಕೀಲುಗಳೆಲ್ಲ ಜಾರುವಂತೆ ಸಡಿಲವಾಗಿಯೇ ಇರಬೇಕು.

ಕೀಲು ಸಡಿಲವಾದ ಕೂಡಲೇ ವಿದ್ಯುತ್ತಿನ ಪ್ರಶ್ನೆ ಏಳುತ್ತದೆ. ಜಾರುವ ಜಾಯಿನರಿನೊಳಗೆ ನಮ್ಮ ಊರಿನ ಸಣ್ಣ ಧೂಳು ಸೇರುತ್ತದೆ, ಲೋಹದ ಮೇಲೆ ಕಿಲುಬು ಕಟ್ಟುತ್ತದೆ, ಪ್ರತಿ ಕೀಲಿನಲ್ಲಿಯೂ ಸ್ವಲ್ಪ ಸ್ವಲ್ಪ ವೋಲ್ಟೇಜು ಸೋರಿಹೋಗುತ್ತದೆ. ಮೊದಲ ಸಲ ವೋಲ್ಟೇಜು ಅಳೆಯುವ ಮಲ್ಟಿಮೀಟರನ್ನು ದೂರದ ತಿರುವಿನಲ್ಲಿ ಹಿಡಿದಾಗ ಅದು ಹೆಚ್ಚೂಕಡಿಮೆ ಪೂರ್ತಿ 12 ವೋಲ್ಟ್ ತೋರಿಸಿ ನನ್ನನ್ನು ಎರಡು ದಿನ ದಾರಿ ತಪ್ಪಿಸಿತು. ಮೀಟರು ಎಳೆಯುವ ಕರೆಂಟು ತೀರ ಅಲ್ಪವಾದ್ದರಿಂದ ಕೆಟ್ಟ ಕೀಲಿನಲ್ಲಿಯೂ ವೋಲ್ಟೇಜು ಇಳಿಯುವುದಿಲ್ಲ. ಗಾಂಧಿ ಚೌಕದ ಕಡೆಯ ಅಂಗಡಿಯಿಂದ 12 ವೋಲ್ಟ್, 5 ವಾಟಿನ ವಾಹನದ ಬಲ್ಬೊಂದನ್ನು ತಂದು, ಅದನ್ನು ಹಳಿಗಳ ಮೇಲೆ ಅಡ್ಡ ಜೋಡಿಸಿ, ಉರಿಯುತ್ತಿರುವಾಗಲೇ ಅದರ ಎರಡು ತುದಿಗಳಲ್ಲಿ ಅಳೆದೆ. ಆ ಬಲ್ಬು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಒಂದು ಎಂಜಿನಿನ ಹೊರೆಗೆ ಸಮನೆಂದು ಹಿಡಿಯಬಹುದು. ನಿಲ್ದಾಣದಲ್ಲಿ 11.8 ಬಂದದ್ದು ದೂರದ ತಿರುವಿನಲ್ಲಿ 8.4ಕ್ಕೆ ಇಳಿದಿತ್ತು. ಮಾದರಿ ರೈಲು ಕಟ್ಟುವ ಪ್ರತಿಯೊಬ್ಬರ ಪೆಟ್ಟಿಗೆಯಲ್ಲಿಯೂ ಇಂಥ ಬಲ್ಬೊಂದು ಇರಲೇಬೇಕು.

ಆದ್ದರಿಂದ ಕೀಲಿನ ಕೆಲಸ ಹಳಿಯನ್ನು ಸಾಲಿನಲ್ಲಿ ಹಿಡಿಯುವುದಷ್ಟೇ ಎಂದು ನಿರ್ಧರಿಸಿ, ಕರೆಂಟಿಗೆ ಬೇರೆ ದಾರಿ ಮಾಡಿದೆ. ಹಲಗೆಯ ಕೆಳಗೆ ಹಳಿಯ ಜಾಡಿನಲ್ಲಿಯೇ 2.5 ಚದರ ಮಿ.ಮೀ.ನ ಎರಡು ತಾಮ್ರದ ತಂತಿಗಳನ್ನು, ಮನೆಯ ವೈರಿಂಗಿಗೆ ಬಳಸುವಂಥವನ್ನೇ, ಎಳೆದೆ: ಹೊರಗಿನ ಹಳಿಗೆ ಕೆಂಪು, ಒಳಗಿನ ಹಳಿಗೆ ಕಪ್ಪು. ಒಂಬತ್ತು ತುಂಡು ಹಳಿಗಳಿಗೆ ಹದಿನೆಂಟು ಫೀಡರುಗಳು, ಅಂದರೆ ಆ ತಂತಿಗಳಿಂದ ಹಳಿಗೆ ಕರೆಂಟು ತರುವ ಸಣ್ಣ ತಂತಿಗಳು, 0.5 ಚದರ ಮಿ.ಮೀ.ನವು, ಪ್ರತಿಯೊಂದೂ ಒಂದು ಗೇಣು ಉದ್ದವನ್ನು ಮೀರದಂತೆ. ಬೆಸುಗೆಗೆ 25 ವಾಟಿನ ಸಣ್ಣ ಸೋಲ್ಡರಿಂಗ್ ಐರನ್ನಿಗಿಂತ 60 ವಾಟಿನದೇ ಮೇಲು. ಸಣ್ಣದನ್ನು ಬಹಳ ಹೊತ್ತು ಒತ್ತಿ ಹಿಡಿಯಬೇಕಾಗುವುದರಿಂದ ಶಾಖ ಹಳಿಯುದ್ದಕ್ಕೂ ಹರಿದು ಹಳಿಯ ಕೆಳಗಿನ ಪ್ಲಾಸ್ಟಿಕ್ ಅಡ್ಡಪಟ್ಟಿಗಳು (ಸ್ಲೀಪರುಗಳು) ಕರಗುತ್ತವೆ. ದೊಡ್ಡದರಿಂದ ಎರಡು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಹಳಿಯ ಬದಿಯನ್ನು ಉಜ್ಜಿ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ತಂತಿಯ ತುದಿಗೆ ಮೊದಲೇ ಸೀಸ ಹಿಡಿಸಿಕೊಂಡಿರಬೇಕು. ಫ್ಯಾನಿನ ಗಾಳಿ ಬೆಸುಗೆಯನ್ನು ಆರಿಸುವುದರಿಂದ ಅದನ್ನು ನಿಲ್ಲಿಸಿಕೊಂಡೇ ಕೂರಬೇಕು, ಆದ್ದರಿಂದ ಈ ಕೆಲಸವನ್ನು ಬೆಳಗಿನ ಎಂಟು ಗಂಟೆಯೊಳಗೆ, ಕಿಟಕಿ ತೆರೆದಿಟ್ಟುಕೊಂಡು ಮಾಡಿದೆ.

ಒಂದೊಂದು ಫೀಡರು ಬೆಸೆದಾಗಲೂ ಎರಡು ಹಳಿಗಳ ನಡುವೆ ಮೀಟರಿನ ಬೀಪ್ ಪರೀಕ್ಷೆ (ಅವೆರಡೂ ಕೂಡಿಕೊಂಡಿದ್ದರೆ ಮೀಟರು ಸದ್ದು ಮಾಡುತ್ತದೆ) ಮಾಡಿದ್ದರಿಂದ ಹನ್ನೊಂದನೆಯದನ್ನು ತಪ್ಪು ತಂತಿಗೆ ಕೂಡಿಸಿದ್ದು ಆ ಕ್ಷಣವೇ ತಿಳಿಯಿತು. ಹದಿನೆಂಟನ್ನೂ ಮುಗಿಸಿದ ಮೇಲೆ ಪರೀಕ್ಷಿಸಿದ್ದರೆ ತಪ್ಪನ್ನು ಹುಡುಕುವುದಕ್ಕೆ ಒಂದು ಭಾನುವಾರ ಹೋಗುತ್ತಿತ್ತು.

ಲೂಪಿನ ಎರಡು ತುದಿಯ ಪಾಯಿಂಟುಗಳಿಗೆ ಇನ್ನಷ್ಟು ಎಚ್ಚರ ಬೇಕು. ಎರಡು ಹಳಿಗಳು ಒಂದನ್ನೊಂದು ಕತ್ತರಿಸುವ ಫ್ರಾಗ್ ಎಂಬ ಭಾಗ ಲೋಹದ್ದಾದರೆ ನಿಧಾನವಾಗಿ ಬರುವ ಎಂಜಿನ್ ಅಲ್ಲಿ ತಡವರಿಸುವುದಿಲ್ಲ. ಆದರೆ ಪಾಯಿಂಟು ತಿರುಗಿದಂತೆಲ್ಲ ಆ ಫ್ರಾಗಿಗೆ ಒಮ್ಮೆ ಹೊರ ಹಳಿಯ, ಒಮ್ಮೆ ಒಳ ಹಳಿಯ ಸಂಪರ್ಕ ಸಿಗಬೇಕು. ನಾನು ಪಾಯಿಂಟಿನ ಸರಳಿನಿಂದಲೇ ಒತ್ತಲ್ಪಡುವಂತೆ ಒಂದು ಮೈಕ್ರೋಸ್ವಿಚ್ ಕೂರಿಸಿ, ಫ್ರಾಗಿನಿಂದ ಹೊರಡುವ ಎರಡೂ ಹಳಿಗಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಿ ಬೇರ್ಪಡಿಸಿದೆ. ಆ ಬೇರ್ಪಡಿಕೆ ಮರೆತರೆ ಮುಂದಿನ ಫೀಡರಿನಿಂದ ಬರುವ ಕರೆಂಟು ಫ್ರಾಗಿನಲ್ಲಿ ಎದುರಾಗಿ ಶಾರ್ಟ್ ಆಗುತ್ತದೆ. ಪಾಯಿಂಟನ್ನು ತಿರುಗಿಸುವ ಮೋಟಾರಿನ ಸುರುಳಿಗೆ ಕ್ಷಣಮಾತ್ರದ ಕರೆಂಟು ಸಾಕು. ಗುಂಡಿ ಒಳಗೇ ಸಿಕ್ಕಿಕೊಂಡು ನನ್ನದೊಂದು ಸುರುಳಿ ಸುಟ್ಟುಹೋದ ಮೇಲೆ 4700 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪಾಸಿಟರಿನ ಮೂಲಕ ಕೊಡುವ ಸರ್ಕೀಟನ್ನು ಕಟ್ಟಿಕೊಂಡೆ. ಗುಂಡಿಯನ್ನು ಎಷ್ಟು ಹೊತ್ತು ಒತ್ತಿದರೂ ಕೆಪಾಸಿಟರಿನಲ್ಲಿ ತುಂಬಿದ್ದಷ್ಟೇ ಸುರುಳಿಗೆ ಹೋಗುತ್ತದೆ.

ನಿಲ್ದಾಣದ ಮುಖ್ಯ ಹಳಿಯನ್ನೂ ಲೂಪನ್ನೂ ಬೇರೆ ಬೇರೆ ವಿಭಾಗ ಮಾಡಿ ಒಂದೊಂದು ಸ್ವಿಚ್ ಇಟ್ಟದ್ದರಿಂದ ಒಂದು ಗಾಡಿಯನ್ನು ನಿಲ್ಲಿಸಿ ಇನ್ನೊಂದನ್ನು ದಾಟಿಸಬಹುದು. ಎಂಜಿನ್ ತಿರುಗಿ ಅದೇ ಹಳಿಗೆ ಮರಳುವ ಸುತ್ತನ್ನು ಬೇಕೆಂದೇ ಬಿಟ್ಟೆ, ಏಕೆಂದರೆ ಅಲ್ಲಿ ಎಡ ಹಳಿ ಬಲ ಹಳಿಯನ್ನು ಸೇರಿ ಶಾರ್ಟ್ ಆಗುವುದನ್ನು ತಪ್ಪಿಸಲು ಇನ್ನೊಂದು ಹಂತದ ವೈರಿಂಗ್ ಬೇಕು.

ಹಳಿಯ ಸುತ್ತಲಿನ ನೆಲಕ್ಕೆ ನಮ್ಮ ಎರೆ ಹೊಲದ ಮಣ್ಣನ್ನೇ ಬಳಸಿದೆ. ಒಣಗಿಸಿ, ಕುಟ್ಟಿ, ತೆಳುಬಟ್ಟೆಯಲ್ಲಿ ಸೋಸಿ, ಅನಂತರ ಅದರೊಳಗೆ ಅಯಸ್ಕಾಂತವನ್ನು ಹಲವು ಸಲ ಆಡಿಸಬೇಕು. ಕಪ್ಪು ಕಲ್ಲಿನಿಂದ ಹುಟ್ಟಿದ ಈ ಮಣ್ಣಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ, ಅವು ಎಂಜಿನಿನ ಮೋಟಾರಿಗೆ ಸೇರಿದರೆ ಅದನ್ನು ಹಾಳುಮಾಡುತ್ತವೆ. ನೀರು ಬೆರೆಸಿದ ಫೆವಿಕಾಲಿನಿಂದ ಹಚ್ಚಿದ ಮಣ್ಣು ಆರುತ್ತ ಬಿರುಕು ಬಿಟ್ಟಿತು. ಮೊದಲು ಬೇಸರವಾಯಿತು, ಆಮೇಲೆ ನೋಡಿದರೆ ಜೋಳ ಕೊಯ್ದ ಮೇಲಿನ ಹೊಲ ಹಾಗೆಯೇ ಕಾಣಿಸಿತು, ಮುಚ್ಚದೆ ಬಿಟ್ಟೆ.

ಈ ವರ್ಷದ ಮೇ ತಿಂಗಳಲ್ಲಿ ಅದೇ ಬಲ್ಬನ್ನು ಅದೇ ದೂರದ ತಿರುವಿನಲ್ಲಿ ಇಟ್ಟು ಅಳೆದೆ. 11.6 ವೋಲ್ಟ್ ಬಂತು. ಆಮಂತ್ರಣ ಪತ್ರಿಕೆಯ ಚೂರನ್ನು ಕೀಲುಗಳಲ್ಲಿ ತೂರಿಸಲು ನೋಡಿದರೆ ಎಲ್ಲಿಯೂ ಹೋಗಲಿಲ್ಲ, ಸಂದುಗಳೆಲ್ಲ ಕೂಡಿಕೊಂಡಿದ್ದವು, ಆದರೆ ಹಳಿ ಎಲ್ಲಿಯೂ ಉಬ್ಬಿರಲಿಲ್ಲ.